ಕಚ್ಚಿಕೊಂಡ ವಾಲ್ವ್: ಬೈಕಂಪಾಡಿಯ ಶೆಡ್‌ನಿಂದ ಒಂದು ರಾಕೆಟ್ ಎಂಜಿನ್ ಪ್ರಕರಣ

ಜೂನ್ ತಿಂಗಳ ಒಂದು ಮಧ್ಯಾಹ್ನ. ಹೊರಗೆ ಜೋರು ಮಳೆ. ಮಂಗಳೂರು ಬಳಿಯ ಬೈಕಂಪಾಡಿಯ ನಮ್ಮ ಶೆಡ್‌ನಲ್ಲಿ ನಾವು ಐದು ಮಂದಿ ಗೋಡೆಯ ಈಚೆ ಕೂತು ಕಂಪ್ಯೂಟರ್ ಪರದೆಯನ್ನೇ ನೋಡುತ್ತಿದ್ದೆವು. ಗೋಡೆಯ ಆಚೆ ನಾವು ಮಾಡುತ್ತಿರುವ ಸಣ್ಣ ರಾಕೆಟ್ ಎಂಜಿನ್‌ನ ಟೆಸ್ಟ್ ಸ್ಟ್ಯಾಂಡ್. ಎಣಿಕೆ ಸೊನ್ನೆಗೆ ಬಂತು. ವಾಲ್ವ್ ತೆರೆಯಲು ಸಿಗ್ನಲ್ ಹೋಯಿತು. ಏನೂ ಆಗಲಿಲ್ಲ. ಒಂದು ಸೆಕೆಂಡ್ ಕಳೆದ ಮೇಲೆ 'ಟಕ್' ಎಂದು ಸದ್ದು ಬಂತು, ದ್ರವ ನೈಟ್ರೋಜನ್ ಬಿಳಿ ಹೊಗೆ ಎಬ್ಬಿಸುತ್ತ ನುಗ್ಗಿತು. ರೆಕಾರ್ಡ್ ತೆಗೆದು ನೋಡಿದರೆ ವಾಲ್ವ್ 1.4 ಸೆಕೆಂಡ್ ತಡ ಮಾಡಿತ್ತು. ಅದೇ ವಾಲ್ವ್ ಆ ದಿನ ಬೆಳಿಗ್ಗೆ 0.2 ಸೆಕೆಂಡಿನಲ್ಲಿ ತೆರೆದಿತ್ತು.

ಒಂದು ಸೆಕೆಂಡ್ ತಡವಾದರೆ ಏನಾಯಿತು ಅನಿಸಬಹುದು. ಅಡುಗೆ ಮನೆಯ ಗ್ಯಾಸ್ ಒಲೆ ನೆನಪಿಸಿಕೊಳ್ಳಿ. ನಾಬ್ ತಿರುಗಿಸಿ ಆಗಿದೆ, ಲೈಟರ್ ಹತ್ತುತ್ತಿಲ್ಲ. ನಾಲ್ಕೈದು ಸಲ ಒತ್ತಿದ ಮೇಲೆ ಹತ್ತಿದರೆ 'ಭಗ್' ಎಂದು ಬೆಂಕಿ ಮುಖಕ್ಕೆ ಬರುತ್ತದೆ, ಅಲ್ವಾ? ರಾಕೆಟ್ ಎಂಜಿನ್‌ನಲ್ಲೂ ಹಾಗೆಯೇ. ನಮ್ಮ ಎಂಜಿನ್‌ಗೆ ಸೆಕೆಂಡಿಗೆ ಸುಮಾರು 0.3 ಕಿಲೋ ದ್ರವ ಆಮ್ಲಜನಕ, 0.14 ಕಿಲೋ ಸೀಮೆಎಣ್ಣೆ ಬೇಕು. ಆಮ್ಲಜನಕ 1.4 ಸೆಕೆಂಡ್ ತಡವಾದರೆ ಅಷ್ಟರಲ್ಲಿ ಒಂದು ದೊಡ್ಡ ಲೋಟ ತುಂಬುವಷ್ಟು ಸೀಮೆಎಣ್ಣೆ ಒಳಗೆ ಸುರಿದಿರುತ್ತದೆ. ಆಮೇಲೆ ಆಮ್ಲಜನಕ ಬಂದು ಎಲ್ಲವೂ ಒಮ್ಮೆಗೇ ಹತ್ತಿಕೊಂಡರೆ ಎಂಜಿನ್ ಒಡೆದು ಚೂರಾಗಬಹುದು. ಈ ಕೆಲಸ ಮಾಡುವವರು ಇದನ್ನು ಹಾರ್ಡ್ ಸ್ಟಾರ್ಟ್ ಎನ್ನುತ್ತಾರೆ. ಮುಚ್ಚುವಾಗ ವಾಲ್ವ್ ಕಚ್ಚಿಕೊಂಡರೆ ಇನ್ನೂ ಕೆಟ್ಟದು. ಸೀಮೆಎಣ್ಣೆ ನಿಂತಿರುತ್ತದೆ, ಕೆಂಪಗೆ ಕಾದ ಲೋಹದ ಮೇಲೆ ಶುದ್ಧ ಆಮ್ಲಜನಕ ಹರಿಯುತ್ತಲೇ ಇರುತ್ತದೆ. ಆಗ ಲೋಹವೇ ಉರಿಯುತ್ತದೆ.

ಆ ದಿನ ನಮ್ಮ ಸ್ಟ್ಯಾಂಡ್‌ನಲ್ಲಿ ಆಮ್ಲಜನಕವೂ ಇರಲಿಲ್ಲ, ಸೀಮೆಎಣ್ಣೆಯೂ ಇರಲಿಲ್ಲ. ಬೆಂಕಿ ಇಲ್ಲದ ಪರೀಕ್ಷೆಯಲ್ಲೇ ಇಂಥ ತಪ್ಪುಗಳು ಸಿಗಲಿ ಎಂದೇ ದ್ರವ ನೈಟ್ರೋಜನ್ ಬಳಸುತ್ತಿದ್ದೆವು. ತಪ್ಪು ಸಿಕ್ಕಿತು. ಅದರ ಕಾರಣ ಸಿಗಲು ಮಾತ್ರ ಏಳು ವಾರ ಬೇಕಾಯಿತು. ಆ ಏಳು ವಾರಗಳಲ್ಲಿ ಏನೇನಾಯಿತು ಎಂದು ಇಲ್ಲಿ ಪೂರ್ತಿ ಬರೆಯುತ್ತಿದ್ದೇನೆ. ಕರಾವಳಿಯಲ್ಲಿ ಕೂತು ಈ ಕೆಲಸಕ್ಕೆ ಕೈ ಹಾಕುವ ಇನ್ನೊಂದು ತಂಡಕ್ಕೆ ಅಷ್ಟು ವಾರಗಳು ಉಳಿಯಲಿ ಎಂಬುದು ನನ್ನ ಆಸೆ.

ಎಂಜಿನ್ ಯಾವುದು, ಯಾಕೆ

ನಮ್ಮಲ್ಲಿ ಇಬ್ಬರು ಸುರತ್ಕಲ್‌ನಲ್ಲಿ ಓದಿದವರು, ಒಬ್ಬಳು ಮಣಿಪಾಲದಲ್ಲಿ. ಇನ್ನೊಬ್ಬರು ಬಂದರಿನ ವರ್ಕ್‌ಶಾಪ್‌ನಲ್ಲಿ ವರ್ಷಗಟ್ಟಲೆ ವೆಲ್ಡಿಂಗ್ ಮಾಡಿದವರು. ನಾನು ಅಳತೆ ಮತ್ತು ಕಂಟ್ರೋಲ್ ನೋಡಿಕೊಳ್ಳುವವನು. ನಮ್ಮ ಗುರಿ 1 ಕಿಲೋನ್ಯೂಟನ್ ಬಲದ ಎಂಜಿನ್. ಅಂದರೆ ಸುಮಾರು 100 ಕಿಲೋ ತೂಕವನ್ನು ಎತ್ತಿ ಹಿಡಿಯುವಷ್ಟು. ಇದೊಂದರಿಂದಲೇ ಉಪಗ್ರಹ ಹಾರುವುದಿಲ್ಲ. ಸಣ್ಣ ಉಡಾವಣಾ ವಾಹನದ ಎಂಜಿನ್ ಮಾಡಲು ಕಲಿಯಬೇಕಾದ್ದೆಲ್ಲ ಈ ಗಾತ್ರದಲ್ಲೇ ಎದುರಾಗುತ್ತದೆ, ಖರ್ಚು ಮಾತ್ರ ಕಡಿಮೆ.

ಘನ ಇಂಧನ ಸುಲಭ ಅಲ್ವಾ, ದ್ರವ ಇಂಧನದ ತಾಪತ್ರಯ ಯಾಕೆ ಎಂದು ಜಾಸ್ತಿ ಜನ ಕೇಳುತ್ತಾರೆ. ಪ್ರಶ್ನೆ ಸರಿಯಾಗಿಯೇ ಇದೆ. ಇಸ್ರೋದ ಸಣ್ಣ ರಾಕೆಟ್ ಎಸ್‌ಎಸ್‌ಎಲ್‌ವಿಯ ಮೂರು ಮುಖ್ಯ ಹಂತಗಳೂ ಘನ ಇಂಧನದವು. ಕೊನೆಯಲ್ಲಿ ವೇಗವನ್ನು ಕರಾರುವಾಕ್ಕಾಗಿ ಹೊಂದಿಸಲು ಮಾತ್ರ ಮೇಲೊಂದು ಚಿಕ್ಕ ದ್ರವ ಇಂಧನದ ಘಟಕ ಇದೆ. ಆ ಘಟಕವೇ ಉತ್ತರವನ್ನೂ ಹೇಳುತ್ತದೆ. ಘನ ಇಂಧನಕ್ಕೆ ಒಮ್ಮೆ ಬೆಂಕಿ ಹತ್ತಿದರೆ ಅದು ಮುಗಿಯುವ ತನಕ ಉರಿಯುತ್ತದೆ. ದ್ರವ ಇಂಧನದ ಎಂಜಿನ್ನನ್ನು ನಿಲ್ಲಿಸಬಹುದು, ಹೆಚ್ಚು ಕಡಿಮೆ ಮಾಡಬಹುದು. ಹಾರುವ ಎಂಜಿನ್ನನ್ನೇ ಮೊದಲು ನೆಲದಲ್ಲಿ ಉರಿಸಿ ನೋಡಬಹುದು. ನ್ಯೂಜಿಲೆಂಡ್‌ನಿಂದ ಹಾರುವ ಎಲೆಕ್ಟ್ರಾನ್ ರಾಕೆಟ್ ದ್ರವ ಆಮ್ಲಜನಕ ಮತ್ತು ಸೀಮೆಎಣ್ಣೆಯ ಒಂಬತ್ತು ರುದರ್‌ಫೋರ್ಡ್ ಎಂಜಿನ್‌ಗಳನ್ನು ಕೆಳಗೆ ಇಟ್ಟುಕೊಂಡು 2018ರ ಜನವರಿಯಲ್ಲಿ ಮೊದಲ ಸಲ ಕಕ್ಷೆ ಸೇರಿತು. ಆ ಎಂಜಿನ್‌ಗಳ ಪಂಪ್ ತಿರುಗಿಸುವುದು ಬ್ಯಾಟರಿಯ ಮೋಟಾರ್. ನಮ್ಮ ದೇಶದಲ್ಲಿ ಚೆನ್ನೈನ ಅಗ್ನಿಕುಲ್ ಕಾಸ್ಮೋಸ್ 2024ರ ಮೇ 30ರಂದು ಶ್ರೀಹರಿಕೋಟದಿಂದ ಹಾರಿಸಿದ ಅಗ್ನಿಬಾಣದಲ್ಲಿ ಇದ್ದದ್ದು ಒಂದೇ ತುಂಡಾಗಿ 3ಡಿ ಪ್ರಿಂಟ್ ಮಾಡಿದ ಎಂಜಿನ್. ಅದೂ ದ್ರವ ಆಮ್ಲಜನಕ ಮತ್ತು ಸೀಮೆಎಣ್ಣೆ ಜಾತಿಯ ಇಂಧನದ್ದೇ. ಅದು ಹಾರುವ ಮೊದಲು ಹಲವು ಸಲ ಕೊನೇ ಗಳಿಗೆಯಲ್ಲಿ ನಿಲ್ಲಿಸಬೇಕಾಯಿತು. ಹಾಗೆ ನಿಲ್ಲಿಸಿದ್ದನ್ನು ನಾನು ಸೋಲು ಎಂದು ಕರೆಯುವುದಿಲ್ಲ. ನಿಲ್ಲಿಸಲು ಸಾಧ್ಯವಾಗುವುದೇ ಈ ಜಾತಿಯ ಎಂಜಿನ್‌ನ ದೊಡ್ಡ ಗುಣ.

ನಮಗೆ ಪಂಪ್ ಇಲ್ಲ. ಟ್ಯಾಂಕಿಗೆ ನೈಟ್ರೋಜನ್ ಅನಿಲದ ಒತ್ತಡ ಕೊಟ್ಟು ದ್ರವವನ್ನು ತಳ್ಳುತ್ತೇವೆ. 20 ಲೀಟರ್‌ನ ಸ್ಟೇನ್‌ಲೆಸ್ ಸ್ಟೀಲ್ ಟ್ಯಾಂಕ್, ಅದರಿಂದ ಅರ್ಧ ಇಂಚಿನ ಪೈಪ್, ಪೈಪಿನ ನಡುವೆ ಗಾಳಿಯ ಒತ್ತಡದಿಂದ ತಿರುಗುವ ಬಾಲ್ ವಾಲ್ವ್, ಕೊನೆಗೆ ದ್ರವವನ್ನು ಎಂಜಿನ್ ಒಳಗೆ ಚಿಮ್ಮಿಸುವ ಇಂಜೆಕ್ಟರ್. ದ್ರವ ಆಮ್ಲಜನಕ ಕುದಿಯುವುದು ಮೈನಸ್ 183 ಡಿಗ್ರಿ ಸೆಲ್ಸಿಯಸ್‌ನಲ್ಲಿ, ದ್ರವ ನೈಟ್ರೋಜನ್ ಮೈನಸ್ 196ರಲ್ಲಿ. ಇಷ್ಟು ಹತ್ತಿರ ಇರುವುದರಿಂದ, ಚಳಿಗೆ ವಾಲ್ವ್ ಮತ್ತು ಸೀಲ್ ಹೇಗೆ ನಡೆದುಕೊಳ್ಳುತ್ತವೆ ಎಂದು ನೋಡಲು ನೈಟ್ರೋಜನ್ ಸಾಕು. ಅದು ಬೆಂಕಿಗೆ ಬಲ ಕೊಡುವುದಿಲ್ಲ. ಆಮ್ಲಜನಕಕ್ಕಿಂತ ಹಗುರ ಆದ್ದರಿಂದ ಲೆಕ್ಕ ಸ್ವಲ್ಪ ಬದಲಾಗುತ್ತದೆ. ಅದೇ ಒತ್ತಡಕ್ಕೆ ಸೆಕೆಂಡಿಗೆ 0.3 ಕಿಲೋ ಬದಲು ಸುಮಾರು 0.25 ಕಿಲೋ ಹರಿಯಬೇಕು. ಅಷ್ಟು ಹರಿದರೆ ಇಂಜೆಕ್ಟರ್ ಸರಿ ಇದೆ ಎಂದು ಅರ್ಥ.

ದ್ರವ ನೈಟ್ರೋಜನ್ ನಮ್ಮ ಊರಿನ ಹೈನುಗಾರರಿಗೆ ಹೊಸದಲ್ಲ. ಹಸುಗಳಿಗೆ ಕೃತಕ ಗರ್ಭಧಾರಣೆ ಮಾಡುವವರು ವೀರ್ಯದ ಕಡ್ಡಿಗಳನ್ನು ಇಟ್ಟುಕೊಳ್ಳುವುದು ಇದೇ ದ್ರವ ತುಂಬಿದ ಜಾಡಿಯಲ್ಲಿ. ಶೆಡ್‌ಗೆ ಮೊದಲ ಜಾಡಿ ಬಂದ ದಿನ ಪಕ್ಕದ ಕ್ಯಾಂಟೀನಿನವರು, ಹಸು ಎಲ್ಲಿ ಕಟ್ಟಿದ್ದೀರಿ ಎಂದು ಕೇಳಿದ್ದರು.

ಮೊದಲ ಅನುಮಾನ ವಾಲ್ವ್ ಮೇಲೆ

ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಎಲ್ಲವೂ ಚೆನ್ನಾಗಿಯೇ ನಡೆದಿತ್ತು. ಮೇ ತಿಂಗಳಲ್ಲಿ ಹಳೆ ವಾಲ್ವ್‌ನ ಸೀಟ್ ಸವೆದಿತ್ತು ಎಂದು ಅದೇ ಮಾದರಿಯ ಬೇರೆ ವಾಲ್ವ್ ಹಾಕಿದೆವು. ಜೂನ್‌ನಲ್ಲಿ ಕಚ್ಚಿಕೊಳ್ಳಲು ಶುರುವಾಯಿತು. ಹೊಸದಾಗಿ ಬಂದದ್ದು ವಾಲ್ವ್, ತೊಂದರೆ ಕೊಡುತ್ತಿರುವುದೂ ವಾಲ್ವ್. ನಮ್ಮ ಬೆರಳು ತಾನಾಗಿ ಅದರ ಕಡೆಗೇ ಹೋಯಿತು.

ಕಾರಣವೂ ಕೈಗೆ ಸಿಕ್ಕಿತು. ವಾಲ್ವ್‌ನ ಒಳಗೆ ಸ್ಟೀಲಿನ ಗುಂಡು, ಅದನ್ನು ಹಿಡಿದಿರುವುದು ಟೆಫ್ಲಾನ್ ಸೀಟ್. ಇಷ್ಟು ಚಳಿಗೆ ಸ್ಟೀಲ್ ನೂರಕ್ಕೆ 0.3ರಷ್ಟು ಕುಗ್ಗಿದರೆ ಟೆಫ್ಲಾನ್ 2ರಷ್ಟು ಕುಗ್ಗುತ್ತದೆ. ಸೀಟ್ ಕುಗ್ಗಿ ಗುಂಡನ್ನು ಬಿಗಿಯಾಗಿ ಹಿಡಿಯುತ್ತಿದೆ ಎಂದು ನಾವು ತೀರ್ಮಾನ ಮಾಡಿದೆವು. ವಾಲ್ವ್ ಒಂದನ್ನೇ ಬಿಚ್ಚಿ, ಎರಡು ಬದಿ ಮುಚ್ಚಿ, ಥರ್ಮೋಕೋಲ್ ಪೆಟ್ಟಿಗೆಯಲ್ಲಿ ದ್ರವ ನೈಟ್ರೋಜನ್ ಸುರಿದು ಮುಳುಗಿಸಿ ಇಪ್ಪತ್ತು ಸಲ ತೆರೆದು ಮುಚ್ಚಿ ನೋಡಿದೆವು. ಇಪ್ಪತ್ತು ಸಲವೂ ಬೆಣ್ಣೆಯ ಹಾಗೆ ತಿರುಗಿತು. ಅಲ್ಲಿಗೇ ವಾಲ್ವ್ ಮೇಲಿನ ಅನುಮಾನ ಬಿಡಬೇಕಿತ್ತು. ಬಿಡಲಿಲ್ಲ. ಒತ್ತಡ ಇಲ್ಲದೆ ತಿರುಗುತ್ತದೆ, ಒತ್ತಡ ಬಿದ್ದರೆ ಕಚ್ಚಿಕೊಳ್ಳುತ್ತದೆ ಎಂದು ನಮ್ಮನ್ನು ನಾವೇ ಸಮಾಧಾನ ಮಾಡಿಕೊಂಡೆವು.

ಮಾರಿದವರಿಗೆ ಒಂದು ಖಾರವಾದ ಪತ್ರ ಬರೆದೆವು. ಬರೆದವನು ನಾನೇ. ಅವರು ಒಳ್ಳೆಯ ಮಾತಿನಲ್ಲಿಯೇ ಉತ್ತರಿಸಿದರು. ಅದೇ ತಯಾರಿಯ ವಾಲ್ವ್‌ಗಳು ಬೇರೆ ಕಡೆ ಸರಿಯಾಗಿ ಕೆಲಸ ಮಾಡುತ್ತಿವೆ, ನೀವು ಬಳಸುವ ಕ್ರಮವನ್ನು ಒಮ್ಮೆ ಬರೆದು ಕಳಿಸಿ ಎಂದರು. ನಾವು ಕಳಿಸಲಿಲ್ಲ. ಇನ್ನೊಂದು ಕಡೆಯಿಂದ ದುಬಾರಿ ವಾಲ್ವ್ ತರಿಸಿದೆವು. ಅದಕ್ಕೆ ಮೂರು ವಾರ ಹೋಯಿತು. ಅದು ಎರಡು ದಿನ ಚೆನ್ನಾಗಿ ನಡೆಯಿತು. ಮೂರನೇ ದಿನ ಮಧ್ಯಾಹ್ನ ಅದೂ ಕಚ್ಚಿಕೊಂಡಿತು, ಮುಚ್ಚುವಾಗ ಅರ್ಧದಲ್ಲಿ ನಿಂತುಬಿಟ್ಟಿತು. ಟ್ಯಾಂಕಿನ ಒತ್ತಡವನ್ನು ಹೊರಗೆ ಬಿಟ್ಟು ಹರಿವು ನಿಲ್ಲಿಸಬೇಕಾಯಿತು. ಇಪ್ಪತ್ತು ನಿಮಿಷ ಕಳೆದ ಮೇಲೆ ಯಾರೂ ಮುಟ್ಟದೆ ಅದೇ ಮುಚ್ಚಿಕೊಂಡಿತು.

ಆ ರಾತ್ರಿ ಎಲ್ಲ ರೆಕಾರ್ಡ್‌ಗಳನ್ನು ಮತ್ತೆ ಹರಡಿಕೊಂಡು ಕೂತೆವು. ಒತ್ತಡ, ಉಷ್ಣತೆ, ಹರಿವು, ಸಿಗ್ನಲ್ ಹೋದ ಹೊತ್ತು, ಎಲ್ಲವೂ ಇತ್ತು. ಮಣಿಪಾಲದವಳು ಒಂದು ಕಾಗದದಲ್ಲಿ ದಿನಾಂಕ ಬರೆದು ಗೀಟು ಹಾಕುತ್ತ ಹೋದಳು. ಕೊನೆಗೆ ತಲೆ ಎತ್ತಿ, ಕಚ್ಚಿಕೊಂಡದ್ದೆಲ್ಲ ದಿನದ ಎರಡನೇ ಸಲ ದ್ರವ ಹರಿಸಿದಾಗ, ಅಂದರೆ ಎರಡನೇ ರನ್‌ನಲ್ಲಿ ಎಂದಳು. ದಿನದ ಮೊದಲ ರನ್‌ನಲ್ಲಿ ಒಂದೇ ಒಂದು ಸಲವೂ ಇಲ್ಲ. ಬೇಸಗೆಯಲ್ಲಿ ನಾವು ದಿನಕ್ಕೆ ಒಂದೇ ರನ್ ಮಾಡುತ್ತಿದ್ದೆವು. ಕೆಲಸ ಬೇಗ ಸಾಗಲಿ ಎಂದು ಎರಡು ಮಾಡಲು ಶುರು ಮಾಡಿದ್ದೂ ಜೂನ್‌ನಲ್ಲೇ. ವಾಲ್ವ್ ಬದಲಾದದ್ದು, ಮಳೆಗಾಲ ಬಂದದ್ದು, ರನ್ ಎರಡಾದದ್ದು, ಮೂರೂ ಹೆಚ್ಚು ಕಡಿಮೆ ಒಂದೇ ಹೊತ್ತಿಗೆ ಆಗಿತ್ತು. ನಾವು ಒಂದನ್ನು ಮಾತ್ರ ನೋಡಿದ್ದೆವು.

ಎಸಿ ರಿಪೇರಿಗೆ ಬಂದವರು

ಕಂಟ್ರೋಲ್ ರೂಮಿನ ಎಸಿ ಅದೇ ವಾರ ಕೆಟ್ಟಿತು. ರಿಪೇರಿಗೆ ಬಂದವರು ಉಡುಪಿ ಕಡೆಯವರು. ಮಲ್ಪೆಯ ಐಸ್ ಪ್ಲಾಂಟ್‌ಗಳಲ್ಲಿ ಹತ್ತಾರು ವರ್ಷ ಕೆಲಸ ಮಾಡಿ, ಈಗ ಫ್ರಿಜ್, ಎಸಿ ರಿಪೇರಿ ಮಾಡುತ್ತಾರೆ. ಎಸಿ ಸರಿ ಮಾಡಿ ಚಹಾ ಕುಡಿಯುವಾಗ ಗಾಜಿನ ಆಚೆ ಸ್ಟ್ಯಾಂಡ್ ನೋಡಿ ಕೇಳಿದರು.

"ಅದೆಂತದು ಮಾರಾಯ್ರೆ, ಇಷ್ಟು ಐಸ್ ಕೂತದ್ದು?"

ನಾನು ಹೇಳಿದೆ. ವಾಲ್ವ್ ಕಚ್ಚಿಕೊಳ್ಳುವ ಸಂಗತಿಯನ್ನೂ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ನೆ ಇದ್ದರು.

"ಬಿಸಿ ಆದ ಮೇಲೆ ತನ್ನಷ್ಟಕ್ಕೆ ಸರಿ ಆಗ್ತದಾ?"

"ಹೌದು ಅಣ್ಣಾ. ಇಪ್ಪತ್ತು ನಿಮಿಷ ಬಿಟ್ಟರೆ ಸರಿಯಾಗುತ್ತದೆ."

"ಹಾಗಾದ್ರೆ ವಾಲ್ವ್‌ದ್ದು ತಪ್ಪಿಲ್ಲ. ಒಳಗೆ ನೀರುಂಟು. ಮಾಯಿಶ್ಚರ್ ಚೋಕ್ ಅದು. ಫ್ರಿಜ್‌ನಲ್ಲಿ ನಾವು ದಿನಾ ನೋಡ್ತೇವೆ."

ಅವರು ವಿವರಿಸಿದ್ದು ಹೀಗೆ. ಫ್ರಿಜ್‌ನ ಗ್ಯಾಸ್ ಲೈನ್ ಒಳಗೆ ಎಲ್ಲೋ ಒಂದು ಹನಿ ನೀರು ಉಳಿದಿದ್ದರೆ ಅದು ಸಣ್ಣ ಕ್ಯಾಪಿಲರಿ ಕೊಳವೆಯ ತುದಿಯಲ್ಲಿ ಐಸ್ ಆಗುತ್ತದೆ. ಗ್ಯಾಸ್ ಹೋಗುವುದು ನಿಲ್ಲುತ್ತದೆ, ಫ್ರಿಜ್ ತಣ್ಣಗಾಗುವುದಿಲ್ಲ. ಸ್ವಲ್ಪ ಹೊತ್ತಿನಲ್ಲಿ ಅಲ್ಲಿ ಬಿಸಿಯಾಗಿ ಐಸ್ ಕರಗುತ್ತದೆ, ಫ್ರಿಜ್ ಮತ್ತೆ ಸರಿಯಾಗುತ್ತದೆ. ಮತ್ತೆ ಕಟ್ಟಿಕೊಳ್ಳುತ್ತದೆ. ಗೊತ್ತಿಲ್ಲದವರು ಕಂಪ್ರೆಸರ್ ಬದಲಾಯಿಸುತ್ತಾರೆ. ಗೊತ್ತಿದ್ದವರು ಲೈನ್‌ಗೆ ವ್ಯಾಕ್ಯೂಮ್ ಹಾಕಿ ಒಣಗಿಸಿ, ತೇವ ಹೀರುವ ಹೊಸ ಡ್ರೈಯರ್ ಹಾಕುತ್ತಾರೆ.

"ಬೆಳಿಗ್ಗೆ ಕೆಲಸ ಆದ ಮೇಲೆ ಪೈಪಿನ ಬಾಯಿ ಎಂತ ಮಾಡ್ತೀರಿ?" ಎಂದು ಕೇಳಿದರು.

ಆ ಪ್ರಶ್ನೆಗೆ ನಮ್ಮ ರೆಕಾರ್ಡ್‌ನಲ್ಲಿ ಉತ್ತರ ಇರಲಿಲ್ಲ. ರನ್ ಮುಗಿದ ಕೂಡಲೇ ಕಂಪ್ಯೂಟರ್ ಬರೆಯುವುದನ್ನು ನಿಲ್ಲಿಸುತ್ತಿತ್ತು. ಆಮೇಲೆ ನಾವು ವೆಂಟ್ ತೆರೆದಿಟ್ಟು, ಎಂಜಿನ್ ಬಾಯಿ ಹಾಗೇ ಬಿಟ್ಟು, ಊಟಕ್ಕೆ ಹೋಗುತ್ತಿದ್ದೆವು. ಎರಡು ಗಂಟೆ ಬಿಟ್ಟು ಬಂದು ಮುಂದಿನ ರನ್‌ಗೆ ತಯಾರಿ ಮಾಡುತ್ತಿದ್ದೆವು. ನಡೆಯಬೇಕಾದ್ದೆಲ್ಲ ಆ ಎರಡು ಗಂಟೆಯಲ್ಲೇ ನಡೆಯುತ್ತಿತ್ತು.

ಗಾಳಿಯಲ್ಲಿ ಇರುವ ನೀರು

ಮಳೆಗಾಲದ ಮಂಗಳೂರಿನಲ್ಲಿ ಉಷ್ಣತೆ 27 ಡಿಗ್ರಿ, ತೇವ ನೂರಕ್ಕೆ 90 ಇರುವುದು ಮಾಮೂಲು. ಅಂಥ ಒಂದು ಘನ ಮೀಟರ್ ಗಾಳಿಯಲ್ಲಿ ಸುಮಾರು 23 ಗ್ರಾಂ ನೀರು ಆವಿಯಾಗಿ ಇರುತ್ತದೆ. 25 ಡಿಗ್ರಿಗಿಂತ ತಣ್ಣಗಿರುವ ಯಾವ ಲೋಹ ಸಿಕ್ಕಿದರೂ ಅದರ ಮೇಲೆ ಆ ನೀರು ಕೂರುತ್ತದೆ. ಇದನ್ನು ಕರಾವಳಿಯವರಿಗೆ ಹೇಳಿಕೊಡಬೇಕಿಲ್ಲ. ತುಳುನಾಡಿನ ಜೋರು ಮಳೆಯ ಆಟಿ ತಿಂಗಳಲ್ಲಿ ಭರಣಿಯ ಉಪ್ಪು ನೀರಾಗುತ್ತದೆ, ಬೆಂಕಿಕಡ್ಡಿ ಗೀರಿದರೆ ಮದ್ದು ಉದುರುತ್ತದೆ, ಹಲಸಿನ ಹಪ್ಪಳದ ಡಬ್ಬಿ ಒಂದು ದಿನ ತೆರೆದಿಟ್ಟರೆ ಹಪ್ಪಳ ಮೆತ್ತಗಾಗುತ್ತದೆ. ಮನೆಯಲ್ಲಿ ಡಬ್ಬಿಯ ಮುಚ್ಚಳ ಬಿಗಿ ಮಾಡುವ ನಾವು ಶೆಡ್‌ನಲ್ಲಿ ಪೈಪ್ ತೆರೆದಿಟ್ಟು ಊಟಕ್ಕೆ ಹೋಗುತ್ತಿದ್ದೆವು.

ಟ್ಯಾಂಕಿನ 20 ಲೀಟರ್ ಗಾಳಿಯಲ್ಲಿ ಇರುವ ನೀರು ಅರ್ಧ ಗ್ರಾಂ ಮಾತ್ರ. ಹತ್ತು ಹನಿ. ಅದು ದೊಡ್ಡದಲ್ಲ. ದೊಡ್ಡದು ಇಂಜೆಕ್ಟರ್ ಕಡೆಯ ದಾರಿ. ರನ್ ಮುಗಿದಾಗ ಇಂಜೆಕ್ಟರ್ ಮತ್ತು ಅದರ ಹಿಂದಿನ ಪೈಪ್ ಮೈನಸ್ ನೂರರ ಕೆಳಗೆ ಇರುತ್ತವೆ. ಎಂಜಿನ್ ಬಾಯಿಂದ ಹೊಸ ಗಾಳಿ ಬರುತ್ತಲೇ ಇರುತ್ತದೆ, ತನ್ನ ನೀರನ್ನು ಒಳಗೆ ಐಸ್ ಆಗಿ ಬಿಟ್ಟು ಹೋಗುತ್ತಲೇ ಇರುತ್ತದೆ. ಲೋಹ ಬಿಸಿಯಾದ ಹಾಗೆ ಐಸ್ ಕರಗಿ ನೀರಾಗುತ್ತದೆ. ನಮ್ಮ ಸ್ಟ್ಯಾಂಡ್‌ನಲ್ಲಿ ವಾಲ್ವ್ ಇಂಜೆಕ್ಟರ್‌ಗಿಂತ ಒಂದು ಗೇಣು ಕೆಳಗೆ ಇತ್ತು. ನೀರು ಇಳಿದು ಬಂದು ನಿಲ್ಲುವುದಕ್ಕೆ ಅದಕ್ಕಿಂತ ಒಳ್ಳೆಯ ಜಾಗ ಬೇರೆ ಇಲ್ಲ. ಮುಂದಿನ ರನ್‌ನಲ್ಲಿ ಮತ್ತೆ ಮೈನಸ್ 196ರ ದ್ರವ ಬಂದು ತಾಗಿದ ಕೂಡಲೇ ಆ ನೀರು ಗುಂಡು ಮತ್ತು ಸೀಟಿನ ನಡುವೆ ಕಲ್ಲಾಗುತ್ತಿತ್ತು.

ಥರ್ಮೋಕೋಲ್ ಪೆಟ್ಟಿಗೆಯ ಪರೀಕ್ಷೆಯಲ್ಲಿ ವಾಲ್ವ್ ಯಾಕೆ ಸರಾಗವಾಗಿ ತಿರುಗಿತು ಎನ್ನುವುದೂ ಈಗ ಗೊತ್ತಾಯಿತು. ಅಲ್ಲಿ ಅದರ ಬಾಯಿ ಮುಚ್ಚಿತ್ತು. ಸುತ್ತ ಇದ್ದದ್ದು ಕುದಿಯುತ್ತಿರುವ ದ್ರವದಿಂದ ಬಂದ ಒಣ ನೈಟ್ರೋಜನ್.

ಸಾಬೀತು ಮಾಡಿದ್ದು ಹೇಗೆ

ಒಮ್ಮೆ ವಾಲ್ವ್ ಎಂದು ನಂಬಿ ಮೂರು ವಾರ ಕಳೆದುಕೊಂಡಿದ್ದೆವು. ಈಗ ನೀರು ಎಂದು ನಂಬಿ ಕೆಲಸ ಮುಂದುವರಿಸಲು ಮನಸ್ಸು ಬರಲಿಲ್ಲ. ಎರಡು ಕ್ರಮ ಇಟ್ಟುಕೊಂಡೆವು. ಒಂದು ದಿನ ಹಳೆಯ ಕ್ರಮ: ಬೆಳಿಗ್ಗೆ ರನ್, ಬಾಯಿ ತೆರೆದಿಟ್ಟು ಎರಡು ಗಂಟೆ ಬಿಡುವು, ಮತ್ತೆ ರನ್. ಮರುದಿನ ಹೊಸ ಕ್ರಮ: ಬೆಳಿಗ್ಗೆ ರನ್ ಮುಗಿದ ಕ್ಷಣದಿಂದ ಸಿಲಿಂಡರಿನ ಒಣ ನೈಟ್ರೋಜನ್ನನ್ನು ನಿಮಿಷಕ್ಕೆ 5 ಲೀಟರ್‌ನಂತೆ ಪೈಪಿನೊಳಗೆ ಬಿಡುವುದು, ಲೋಹ ಹೊರಗಿನ ಉಷ್ಣತೆಗೆ ಬರುವ ತನಕ ನಿಲ್ಲಿಸದಿರುವುದು, ಆಮೇಲೆ ಎಂಜಿನ್ ಬಾಯಿಗೆ ಮುಚ್ಚಳ. ಮಳೆ ಇರಲಿ ಬಿಸಿಲಿರಲಿ, ಸರದಿ ತಪ್ಪಿಸುವುದಿಲ್ಲ ಎಂದು ಮೊದಲೇ ಬರೆದು ಗೋಡೆಗೆ ಅಂಟಿಸಿದೆವು.

ವಾಲ್ವ್ ಯಾವುದು ಹಾಕಿದ್ದು? ನಾವು ಬೈದು ಬಿಚ್ಚಿಟ್ಟಿದ್ದ ಮೊದಲಿನದನ್ನೇ.

ಹನ್ನೆರಡು ದಿನ ಹೀಗೆ ನಡೆಯಿತು. ಹಳೆಯ ಕ್ರಮದ ಆರು ದಿನಗಳಲ್ಲಿ ನಾಲ್ಕು ದಿನ ಎರಡನೇ ರನ್ ಕಚ್ಚಿಕೊಂಡಿತು. ಹೊಸ ಕ್ರಮದ ಆರು ದಿನಗಳಲ್ಲಿ ಒಂದು ದಿನವೂ ಇಲ್ಲ. ಈ ಹನ್ನೆರಡು ದಿನ ಬಿಟ್ಟು ಇನ್ನೊಂದು ದಿನ ಹಳೆಯ ಕ್ರಮದಲ್ಲೇ ಬೆಳಗಿನ ರನ್ ಮಾಡಿ, ಎರಡನೇ ರನ್ ಮಾಡದೆ ವಾಲ್ವ್ ಬಿಚ್ಚಿ ನೋಡಿದೆವು. ಗುಂಡಿನ ಕೆಳಗೆ ನೀರು ನಿಂತಿತ್ತು. ವೆಲ್ಡಿಂಗ್ ಮಾಡುವ ನಮ್ಮ ಹಿರಿಯರು ಅದಕ್ಕೆ ಬೆರಳು ಅದ್ದಿ ಎಲ್ಲರಿಗೂ ತೋರಿಸಿದರು. ಯಾರೂ ಮಾತಾಡಲಿಲ್ಲ. ಹೊಸ ಕ್ರಮದ ದಿನ ಪೈಪಿನ ತುದಿಯಲ್ಲಿ ನೀಲಿ ಸಿಲಿಕಾ ಜೆಲ್ ಇಟ್ಟು ಅದರ ಮೂಲಕ ನೈಟ್ರೋಜನ್ ಬಿಟ್ಟೆವು. ತೇವ ತಾಗಿದರೆ ಅದು ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ನೀಲಿಯಾಗಿಯೇ ಉಳಿಯಿತು.

ಹಳೆಯ ಕ್ರಮದ ಉಳಿದ ಎರಡು ದಿನ ಯಾಕೆ ಕಚ್ಚಿಕೊಳ್ಳಲಿಲ್ಲ ಎಂದು ಕೇಳುವವರು ಇರುತ್ತಾರೆ, ಕೇಳಬೇಕು ಕೂಡ. ಆ ಎರಡು ದಿನ ಬೆಳಗಿನ ರನ್ ಚಿಕ್ಕದಾಗಿತ್ತು, ಎಂಟು ಸೆಕೆಂಡಿನ ಬದಲು ಮೂರು. ಪೈಪ್ ಅಷ್ಟು ತಣ್ಣಗಾಗಿರಲಿಲ್ಲ, ಬೇಗ ಬಿಸಿಯಾಯಿತು. ನೀರು ಕಡಿಮೆ ಕೂತಿರಬೇಕು ಎಂದು ನನ್ನ ಲೆಕ್ಕ.

ಮಾರಿದವರಿಗೆ ಕ್ಷಮೆ ಕೇಳಿ ಪತ್ರ ಬರೆದೆ. ಜೊತೆಗೆ ಅವರು ಮೊದಲೇ ಕೇಳಿದ್ದ ವಿವರವನ್ನೂ, ಹನ್ನೆರಡು ದಿನದ ರೆಕಾರ್ಡನ್ನೂ ಕಳಿಸಿದೆ. ಎಸಿ ರಿಪೇರಿಯ ಅಣ್ಣನಿಗೆ ಫೋನ್ ಮಾಡಿದಾಗ, "ನಾನು ಹೇಳಿದ್ದಲ್ವಾ" ಎಂದು ನಕ್ಕು, ಮರುದಿನ ಬಂದು ಪರ್ಜ್ ಲೈನ್, ಅಂದರೆ ಒಣ ನೈಟ್ರೋಜನ್ ಬಿಡುವ ಲೈನ್‌ಗೆ ಫಿಲ್ಟರ್ ಡ್ರೈಯರ್ ಎಲ್ಲಿ ಹಾಕಬೇಕು ಎಂದು ನಿಂತು ತೋರಿಸಿಕೊಟ್ಟರು.

ದೊಡ್ಡವರಿಗೂ ಇದು ಆಗಿದೆ

ಇದು ಸಣ್ಣ ಶೆಡ್‌ನ ಸಮಸ್ಯೆ ಮಾತ್ರ ಎಂದು ಭಾವಿಸಬೇಡಿ. ಅಮೆರಿಕದ ಅಟ್ಲಾಸ್ ಸೆಂಟಾರ್ ರಾಕೆಟ್ 1991ರ ಏಪ್ರಿಲ್ 18ರಂದು ಜಪಾನಿನ ಉಪಗ್ರಹ ಹೊತ್ತು ಹೊರಟಿತು. ಮೇಲಿನ ಹಂತದ ಎರಡು ಎಂಜಿನ್‌ಗಳಲ್ಲಿ ಒಂದು ಹತ್ತಲಿಲ್ಲ. ಪಂಪ್ ಒಳಗೆ ಯಾವುದೋ ಕಸ ಸಿಕ್ಕಿಕೊಂಡಿರಬೇಕು ಎಂದು ತನಿಖೆ ಹೇಳಿತು. 1992ರ ಆಗಸ್ಟ್ 22ರಂದು ಅದೇ ರೀತಿ ಇನ್ನೊಂದು ಹೋಯಿತು. ಆಗ ಮತ್ತೆ ಹುಡುಕಿದಾಗ ನಿಜ ಕಾರಣ ಸಿಕ್ಕಿತು. ಒಂದೇ ದಿಕ್ಕಿಗೆ ಹರಿಯಲು ಬಿಡುವ ಒಂದು ಚೆಕ್ ವಾಲ್ವ್ ಸರಿಯಾಗಿ ಮುಚ್ಚದೆ, ನೆಲದ ಮೇಲೆ ಎಂಜಿನ್ ತಣಿಸುವಾಗ ಹೊರಗಿನ ಗಾಳಿ ಒಳಗೆ ಬಂದಿತ್ತು. ದ್ರವ ಹೈಡ್ರೋಜನ್‌ನ ಚಳಿಗೆ ಗಾಳಿಯಲ್ಲಿರುವ ನೈಟ್ರೋಜನ್ನೇ ಗಟ್ಟಿಯಾಗಿ ಪಂಪ್ ಹಿಡಿದುಕೊಂಡಿತ್ತು. ನಾವು ನೀರಿನಿಂದ ಕಂಡದ್ದನ್ನು ಅವರು ಗಾಳಿಯಿಂದಲೇ ಕಂಡರು. ಮೊದಲ ಸಲ ತಪ್ಪು ಕಾರಣ ಹಿಡಿದುಕೊಂಡದ್ದರಲ್ಲೂ ಅವರ ಮತ್ತು ನಮ್ಮ ಕಥೆ ಒಂದೇ. ಇದನ್ನು ಓದಿದ ದಿನ ನನಗೆ ಬಹಳ ಹೊತ್ತು ನಿದ್ದೆ ಬರಲಿಲ್ಲ.

ನಮ್ಮ ಇಸ್ರೋದಲ್ಲೂ 2021ರ ಆಗಸ್ಟ್ 12ರಂದು ಜಿಎಸ್‌ಎಲ್‌ವಿ ಎಫ್10 ರಾಕೆಟ್‌ನ ಕ್ರಯೋಜೆನಿಕ್ ಹಂತ, ಅಂದರೆ ಅತಿ ತಣ್ಣಗಿನ ದ್ರವಗಳಿಂದ ಉರಿಯುವ ಹಂತ, ಹತ್ತಲಿಲ್ಲ. ಹೈಡ್ರೋಜನ್ ಟ್ಯಾಂಕಿನ ಒಂದು ವಾಲ್ವ್‌ನ ಮೆತ್ತನೆ ಸೀಲ್ ಹಾಳಾಗಿ ಒತ್ತಡ ಸೋರಿಹೋಗಿತ್ತು. ಅಷ್ಟು ದೊಡ್ಡ ರಾಕೆಟ್, ಅಂಗೈಯಲ್ಲಿ ಹಿಡಿಯುವಂಥ ಸೀಲ್.

ಉಡುಪಿ ಹತ್ತಿರದ ಆದಮಾರಿನಲ್ಲಿ ಹುಟ್ಟಿದ ಯು. ಆರ್. ರಾವ್ ಅವರು 1984ರಿಂದ 1994ರವರೆಗೆ ಇಸ್ರೋ ಅಧ್ಯಕ್ಷರಾಗಿದ್ದರು. ಕ್ರಯೋಜೆನಿಕ್ ತಂತ್ರಜ್ಞಾನದ ಕೆಲಸಕ್ಕೆ 1991ರಲ್ಲಿ ಚಾಲನೆ ಸಿಕ್ಕಿದ್ದು ಅವರ ಕಾಲದಲ್ಲೇ. ಅವರ ಊರಿನ ಗಾಳಿಯಲ್ಲಿ ಕೂತು ಈ ಕೆಲಸ ಮಾಡುವಾಗ ನನಗೆ ಅದು ಆಗಾಗ ನೆನಪಾಗುತ್ತದೆ.

ಇಷ್ಟು ತೇವ ಇರುವ ಊರು ಬಿಟ್ಟು ಘಟ್ಟದ ಮೇಲೆ ಹೋಗಿ ಎಂದು ಕೆಲವರು ಸಲಹೆ ಕೊಟ್ಟರು. ನನಗೆ ಅದು ಸರಿ ಅನಿಸುವುದಿಲ್ಲ. ನಮ್ಮ ದೇಶದಲ್ಲಿ ರಾಕೆಟ್ ಹಾರುವುದು ಸಮುದ್ರದ ಬದಿಯಿಂದಲೇ. ಶ್ರೀಹರಿಕೋಟ ಕಡಲ ತೀರ. ಸಣ್ಣ ರಾಕೆಟ್‌ಗಳಿಗೆಂದು 2024ರ ಫೆಬ್ರವರಿ 28ರಂದು ಶಿಲಾನ್ಯಾಸ ಆದ ತಮಿಳುನಾಡಿನ ಕುಲಶೇಖರಪಟ್ಟಣವೂ ಕಡಲ ತೀರ. ಒಣ ಊರಿನಲ್ಲಿ ಪಾಸಾಗಿ ಉಡಾವಣೆಯ ದಿನ ಕಡಲ ಗಾಳಿಗೆ ಕಚ್ಚಿಕೊಳ್ಳುವ ವಾಲ್ವ್‌ಗಿಂತ, ಬೈಕಂಪಾಡಿಯ ಆಟಿ ತಿಂಗಳಲ್ಲಿ ಪಾಸಾದ ವಾಲ್ವ್ ಮೇಲೆ ನನಗೆ ನಂಬಿಕೆ ಜಾಸ್ತಿ.

ಈಗಿನ ಕ್ರಮ

ರನ್ ಮೊದಲು ಹತ್ತು ನಿಮಿಷ, ರನ್ ಆದ ಮೇಲೆ ಎರಡು ಗಂಟೆ ಪರ್ಜ್. ಒಮ್ಮೆಗೆ ಸುಮಾರು 650 ಲೀಟರ್ ನೈಟ್ರೋಜನ್ ಬೇಕು. 7 ಘನ ಮೀಟರ್‌ನ ಒಂದು ಸಿಲಿಂಡರ್ ಹತ್ತು ಸಲಕ್ಕೆ ಬರುತ್ತದೆ. ಒಂದು ದುಬಾರಿ ವಾಲ್ವ್‌ಗೆ ಕೊಟ್ಟ ಹಣದಲ್ಲಿ ಎಷ್ಟೋ ಸಿಲಿಂಡರ್ ಬರುತ್ತಿತ್ತು.

ವಾಲ್ವ್ ಈಗ ಇಂಜೆಕ್ಟರ್‌ಗಿಂತ ಮೇಲೆ ಇದೆ. ನೀರು ಬಂದರೂ ಎಂಜಿನ್ ಬಾಯಿ ಕಡೆಗೇ ಇಳಿಯಬೇಕು. ಹಿಂದೆ ಸೀಮೆಎಣ್ಣೆ ವಾಲ್ವ್ ಬರೀ ಟೈಮರ್ ನಂಬಿ ತೆರೆಯುವ ಹಾಗೆ ಪ್ರೋಗ್ರಾಂ ಬರೆದಿದ್ದೆ. ಈಗ ಇಂಜೆಕ್ಟರ್ ಹಿಂದೆ ಆಮ್ಲಜನಕದ ಒತ್ತಡ ಬಂದದ್ದು ಸೆನ್ಸರ್‌ಗೆ ಕಾಣಿಸದಿದ್ದರೆ ಸೀಮೆಎಣ್ಣೆ ತೆರೆಯುವುದೇ ಇಲ್ಲ, ಎಣಿಕೆ ಅಲ್ಲಿಗೇ ನಿಲ್ಲುತ್ತದೆ. ಇದನ್ನು ಮೊದಲ ದಿನವೇ ಮಾಡಬೇಕಿತ್ತು. ಕಚ್ಚಿಕೊಂಡ ವಾಲ್ವ್‌ಗಿಂತ ದೊಡ್ಡ ಅಪಾಯ ಆ ಪ್ರೋಗ್ರಾಂ ಆಗಿತ್ತು ಎಂದು ಈಗ ನನಗೆ ಅನಿಸುತ್ತದೆ.

ಎಲ್ಲ ವಾಲ್ವ್‌ಗಳ ಗುಂಡಿನಲ್ಲಿ ಟ್ಯಾಂಕಿನ ಕಡೆಗೆ ಒಂದು ಸಣ್ಣ ತೂತು ಇರಲೇಬೇಕು ಎಂಬ ನಿಯಮ ಮೊದಲಿನಿಂದಲೂ ಇತ್ತು, ಅದನ್ನು ಹಾಗೇ ಉಳಿಸಿಕೊಂಡಿದ್ದೇವೆ. ಮುಚ್ಚಿದ ಗುಂಡಿನೊಳಗೆ ಸಿಕ್ಕಿಕೊಂಡ ದ್ರವ ಆಮ್ಲಜನಕ ಬಿಸಿಯಾದರೆ 860 ಪಟ್ಟು ಹಿಗ್ಗಲು ನೋಡುತ್ತದೆ. ದಾರಿ ಇಲ್ಲದಿದ್ದರೆ ವಾಲ್ವ್ ಸಿಡಿಯುತ್ತದೆ.

ಹೊಸ ಕ್ರಮದಿಂದ ಒಂದು ಹೊಸ ಚಿಂತೆಯೂ ಬಂತು. ಎರಡು ಗಂಟೆ ನೈಟ್ರೋಜನ್ ಶೆಡ್‌ನೊಳಗೆ ಬಿಟ್ಟರೆ ಉಸಿರಾಡುವ ಗಾಳಿಯ ಆಮ್ಲಜನಕ ಕಡಿಮೆಯಾಗುತ್ತದೆ. ಅದಕ್ಕೆ ವಾಸನೆ ಇಲ್ಲ, ಬಣ್ಣ ಇಲ್ಲ. ತಲೆ ಸುತ್ತುವ ಮೊದಲೇ ಮನುಷ್ಯ ಬೀಳಬಹುದು. ಶಟರ್ ತೆರೆದಿಟ್ಟರೆ ಮಳೆ ಒಳಗೆ ಬರುತ್ತದೆ. ಕೊನೆಗೆ ಪರ್ಜ್ ಹೊರಹೋಗುವ ದಾರಿಗೆ ಪೈಪ್ ಹಾಕಿ ಗೋಡೆಯಾಚೆ ಬಿಟ್ಟೆವು. ಒಳಗೆ ಎರಡು ಆಕ್ಸಿಜನ್ ಮೀಟರ್ ತೂಗು ಹಾಕಿದ್ದೇವೆ. ನೂರಕ್ಕೆ 19.5ಕ್ಕೆ ಇಳಿದರೆ ಕೂಗುತ್ತವೆ. ಕೂಗಿದರೆ ಕೈಯಲ್ಲಿದ್ದದ್ದನ್ನು ಅಲ್ಲೇ ಬಿಟ್ಟು ಹೊರಗೆ ಬರಬೇಕು.

ಕಂಪ್ಯೂಟರ್ ಈಗ ರನ್ ಮುಗಿದ ಮೇಲೂ ಬರೆಯುತ್ತಲೇ ಇರುತ್ತದೆ, ರಾತ್ರಿ ಪೂರ್ತಿ. ಪೈಪಿನ ಉಷ್ಣತೆ, ಶೆಡ್‌ನ ತೇವ, ಬಾಯಿ ಮುಚ್ಚಿದೆಯೋ ತೆರೆದಿದೆಯೋ, ಎಲ್ಲವೂ. ಊಟಕ್ಕೆ ಹೋದದ್ದು ಎಷ್ಟು ಹೊತ್ತಿಗೆ, ಬಂದದ್ದು ಎಷ್ಟು ಹೊತ್ತಿಗೆ ಎಂದೂ ಒಬ್ಬರು ಪುಸ್ತಕದಲ್ಲಿ ಬರೆಯುತ್ತಾರೆ.

ಒಂದು ಕೆಲಸ ಬಾಕಿ ಇದೆ. ವಾಲ್ವ್ ಒಳಗೆ ಈಗ ಒಣಗಿದೆ, ಹೊರಗೆ ಇಲ್ಲ. ಗುಂಡನ್ನು ತಿರುಗಿಸುವ ಸ್ಟೆಮ್ ಹೊರಬರುವ ಕಡೆ ದಪ್ಪಗೆ ಐಸ್ ಕಟ್ಟುತ್ತದೆ. ಇನ್ನೂ ಕಚ್ಚಿಕೊಂಡಿಲ್ಲ. ಆದರೆ ಉದ್ದದ ರನ್ ಮಾಡಿದ ದಿನ ತೆರೆಯುವ ಹೊತ್ತು 0.2ರಿಂದ 0.26 ಸೆಕೆಂಡಿಗೆ ಹೋಗಿದೆ. ಇಂಥ ಚಳಿಗೆಂದೇ ಮಾಡಿದ ವಾಲ್ವ್‌ಗಳಲ್ಲಿ ಸ್ಟೆಮ್ ಉದ್ದ ಇರುತ್ತದೆ, ಅದರ ಸೀಲ್ ಚಳಿಯಿಂದ ದೂರ, ಬೆಚ್ಚಗೆ ಇರುತ್ತದೆ. ನಮ್ಮದಕ್ಕೆ ಒಂದೂವರೆ ಗೇಣು ಉದ್ದದ ಸ್ಟೆಮ್ ಲೇತ್‌ನಲ್ಲಿ ಕಡೆಯಲು ಕೊಟ್ಟಿದ್ದೇವೆ. ಅದು ಬರುವ ತನಕ ಎಂಟು ಸೆಕೆಂಡಿಗಿಂತ ಉದ್ದದ ರನ್ ಇಲ್ಲ. ಅದು ಬಂದು, ಇನ್ನೊಂದು ಹನ್ನೆರಡು ದಿನದ ಸರದಿ ಮುಗಿಯುವ ತನಕ ದ್ರವ ಆಮ್ಲಜನಕ ತರಿಸುವುದಿಲ್ಲ.